ಅಗ್ಗದ ಗಿಟಾರಿನ ಚರಿತ್ರೆ

ಜಾಝ್, ಬ್ಲೂಸ್ ಕಲಿಯಲು ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಸಾಕೇ ಎಂದು ಗೆಳೆಯರು ಕೇಳಿದಾಗಲೆಲ್ಲ ನಾನು ಚರಿತ್ರೆಯ ಕಡೆ ಕೈ ತೋರಿಸುತ್ತೇನೆ.

1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ಹೊರತಂದಿತು. ಗಿಟಾರ್, ಆಂಪ್, ಕೇಬಲ್ ಸೇರಿ ಸುಮಾರು 150 ಡಾಲರ್. ಅಲ್ಲಿಯವರೆಗೆ ಜಾಝ್ ತಂಡಗಳಲ್ಲಿ ಗಿಟಾರಿನ ಪಾಲಿಗೆ ಬಹುಮಟ್ಟಿಗೆ ಲಯ ಹಿಡಿಯುವ ಕೆಲಸ. ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ಅಬ್ಬರದಲ್ಲಿ ಅದರ ದನಿ ಮುಳುಗುತ್ತಿತ್ತು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಇದೇ ಗಿಟಾರಿನಿಂದ ಅವುಗಳಿಗೆ ಸರಿಸಮನಾಗಿ ಸೋಲೋ ನುಡಿಸಿದ. 1942ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 25.

ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯ ಹತ್ತಿ ತೋಟ ಬಿಟ್ಟು ಶಿಕಾಗೋಗೆ ಬಂದ. ಹಳ್ಳಿಯಲ್ಲಿ ಸಾಕಾಗಿದ್ದ ಗಿಟಾರ್ ನಗರದ ಗದ್ದಲದ ಬಾರುಗಳಲ್ಲಿ ಯಾರಿಗೂ ಕೇಳಿಸಲಿಲ್ಲ. ಮರುವರ್ಷವೇ ಎಲೆಕ್ಟ್ರಿಕ್ ಹಿಡಿದ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ 150 ಡಾಲರ್ ಆ ಕಾಲದ ಬಡವರ ಕೈಗೆಟುಕುವಂಥದ್ದಲ್ಲ. ಅವರಿಗೆ ಒದಗಿದ್ದು ಸಿಯರ್ಸ್ ಕ್ಯಾಟಲಾಗ್. 1950ರ ದಶಕದಲ್ಲಿ ಡ್ಯಾನೆಲೆಕ್ಟ್ರೊ ಕಂಪನಿ ಅದಕ್ಕಾಗಿ ಮೇಸೊನೈಟ್ ಹಲಗೆಯ ಗಿಟಾರುಗಳನ್ನು ಮಾಡಿತು. ಪಿಕಪ್‌ಗಳಿಗೆ ಲಿಪ್‌ಸ್ಟಿಕ್ ಕೊಳವೆಯೇ ಕವಚ! ಅಗ್ಗಕ್ಕೆಂದು ಮಾಡಿದ ಆ ಉಪಾಯದ ನಾದವನ್ನು ಇಂದಿಗೂ ಹುಡುಕಿಕೊಂಡು ಹೋಗುವವರಿದ್ದಾರೆ.

ಹಾಗಾಗಿ ಹೆಸರಿಗೆ ದುಡ್ಡು ಸುರಿಯಬೇಡಿ. ಗಿಟಾರಿನ ಕತ್ತು ನೆಟ್ಟಗಿರಲಿ, ಶ್ರುತಿ ನಿಲ್ಲಲಿ, ಆಂಪ್‌ಗೂ ಒಂದಿಷ್ಟು ಹಣ ಉಳಿಯಲಿ.