ಸಹದೇವಿಯ ನಾಮಾಂತರಗಳು

ಮಳೆಗಾಲ ಕಳೆದ ಬಳಿಕ ಊರ ಹೊರಗಿನ ಬಯಲಿನಲ್ಲಿಯೂ ಹಾದಿಯ ಬದಿಯಲ್ಲಿಯೂ ಮೊಳದೆತ್ತರದ ಗಿಡವೊಂದು ನಸುನೇರಳೆ ಬಣ್ಣದ ಸಣ್ಣ ಗೊಂಡೆಗಳನ್ನು ಹೊತ್ತು ನಿಂತಿರುವುದನ್ನು ವಾಚಕರು ಕಂಡೇ ಇರುವರು. ಜ್ವರದ ಕಷಾಯಕ್ಕೆಂದು ನಮ್ಮ ಹಿರಿಯರು ಅರಸಿ ತರುತ್ತಿದ್ದ ಸಹದೇವಿ ಇದೇ. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂ, ಕುಸುಬೆ, ಹುಚ್ಚೆಳ್ಳು ಇವೆಲ್ಲವೂ ಇದರ ಬಂಧುಗಳು. ಇಂದು ಈ ಕುಟುಂಬದಲ್ಲಿ 25,000ಕ್ಕೂ ಮಿಕ್ಕು ಜಾತಿಗಳನ್ನು ಎಣಿಸಿರುವರು. ಇಷ್ಟು ದೊಡ್ಡ ಬಳಗದಲ್ಲಿ ಒಂದು ಗಿಡವನ್ನು ಇದು ಇದೇ ಎಂದು ಹೇಳುವುದು ಹೇಗೆ? ಸಹದೇವಿಯ ಹೆಸರುಗಳ ಚರಿತ್ರೆಯೇ ಇದಕ್ಕೆ ಉತ್ತರವನ್ನು ಕೊಡುತ್ತದೆ.

ಈ ಕುಟುಂಬದಲ್ಲಿ ನಾವು ಹೂವೆಂದು ಕರೆಯುವುದು ಒಂದು ಹೂವಲ್ಲ. ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತ ಹಲವು ಪುಟ್ಟ ಹೂಗಳ ಸಭೆ. 1694ರಲ್ಲಿ ಫ್ರಾನ್ಸಿನ ಟೂರ್ನ್‌ಫೋರನು ಇಂತಹ ಗೊಂಡೆಗಳನ್ನು ಮೂರಾಗಿ ವಿಂಗಡಿಸಿದನು: ಕೊಳವೆಯಂತಹ ಹೂಗಳೇ ಇರುವುವು; ನಾಲಗೆಯಂತಹ ಹೂಗಳೇ ಇರುವುವು; ನಡುವೆ ಕೊಳವೆಗಳೂ ಅಂಚಿನಲ್ಲಿ ನಾಲಗೆಗಳೂ ಇರುವುವು. ಸೂರ್ಯಕಾಂತಿಯು ಮೂರನೆಯದಕ್ಕೆ ನಿದರ್ಶನ, ಸಹದೇವಿಯು ಮೊದಲನೆಯದಕ್ಕೆ. ಅನಂತರ ಸ್ವೀಡನ್ ದೇಶದ ಲಿನೀಯಸನು ಈ ಪುಟ್ಟ ಹೂಗಳ ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿ ನಳಿಕೆಯಂತಾಗಿರುವುದನ್ನೇ ಲಕ್ಷಣವಾಗಿ ಹಿಡಿದು, 1735ರಲ್ಲಿ ಅವುಗಳಿಗೆ ಪ್ರತ್ಯೇಕ ವರ್ಗವನ್ನು ಕಲ್ಪಿಸಿದನು. 1753ರಲ್ಲಿ ಅವನು ಸಹದೇವಿಗೆ ಕೊಟ್ಟ ಹೆಸರು ಕೊನೈಜಾ ಸಿನೇರಿಯಾ. ಸಿನೇರಿಯಾ ಎಂದರೆ ಬೂದಿಬಣ್ಣದ್ದು.

ಆದರೆ ಸಹದೇವಿಯನ್ನು ಹೋಲುವ ಮತ್ತೊಂದು ಗಿಡವಿದೆ. ಅದರದೂ ನೇರಳೆ ಗೊಂಡೆ, ಅದರಲ್ಲಿಯೂ ಕೊಳವೆಹೂಗಳೇ, ಅದರ ಬೀಜಕ್ಕೂ ಬಿಳಿಯ ಕೂದಲೇ. ಮಲಯಾಳಿಗಳು ಅದನ್ನು ಮೊಲದ ಕಿವಿಯೆಂದು ಕರೆಯುವರು. ಇವೆರಡರ ಭೇದವನ್ನು ಶಾಸ್ತ್ರರೀತಿಯಿಂದ ನೆಲೆಗೊಳಿಸಿದ ಮಾರ್ಗವು ಹಾನ್ರಿ ಕ್ಯಾಸಿನಿಯದು. ಶನಿಗ್ರಹದ ಬಳೆಗಳ ನಡುವಣ ಕಂಡಿಯನ್ನು ಕಂಡ ಜ್ಯೋತಿಷಿಯ ವಂಶದಲ್ಲಿ 1781ರಲ್ಲಿ ಹುಟ್ಟಿದ ಈತನು ವೃತ್ತಿಯಿಂದ ನ್ಯಾಯಾಧೀಶನು. ಪೂರ್ವಜರು ಆಕಾಶವನ್ನು ನೋಡಿದರೆ, ಇವನು ಅಂಗೈಯ ಮೇಲಿನ ಹೂವಿನೊಳಗೆ ಇಣಿಕಿದನು. ಶಲಾಕೆ, ಕೇಸರ, ದಳ, ಅಂಡಾಶಯಗಳನ್ನು ಒಂದೊಂದಾಗಿ ವಿಚಾರಿಸಿ, ಕುಟುಂಬವನ್ನು ಸುಮಾರು ಇಪ್ಪತ್ತು ಗಣಗಳಾಗಿ ವಿಂಗಡಿಸಿದನು. 1832ರಲ್ಲಿ ವಾಂತಿಭೇದಿಯ ಮಾರಿಗೆ ತುತ್ತಾದನು. ಮೊಲದ ಕಿವಿಯ ಪಂಗಡಕ್ಕೆ ಎಮಿಲಿಯಾ ಎಂಬ ಹೆಸರಿಟ್ಟವನು ಅವನೇ. ಅವನ ವಿಂಗಡಣೆಯಂತೆ ಎಮಿಲಿಯಾ ಒಂದು ಗಣ, ಸಹದೇವಿ ಬೇರೊಂದು ಗಣ.

ಸೂಕ್ಷ್ಮದರ್ಶಕವಿಲ್ಲದವರೂ ಇದನ್ನು ಪರೀಕ್ಷಿಸಬಹುದು. ಗೊಂಡೆಯ ಬುಡವನ್ನು ತಿರುಗಿಸಿ ನೋಡಿರಿ. ಹಸುರು ಎಸಳುಗಳು ಮನೆಯ ಹೆಂಚಿನಂತೆ ಸಾಲಿನ ಮೇಲೆ ಸಾಲಾಗಿ ಕವಿದಿದ್ದರೆ ಅದು ಸಹದೇವಿ. ಒಂದೇ ಸಾಲಾಗಿ ನಿಂತು ನೀಳವಾದ ಬಟ್ಟಲಿನಂತಿದ್ದು, ಎಲೆಗಳ ಬುಡವು ಕಾಂಡವನ್ನು ತಬ್ಬಿಕೊಂಡಿದ್ದರೆ ಎಮಿಲಿಯಾ. ಕೇರಳದ ದಶಪುಷ್ಪಗಳಲ್ಲಿ ಇವೆರಡೂ ಸೇರಿವೆ. ಅವನ್ನು ಬೇರೆ ಬೇರೆಯಾಗಿ ಎಣಿಸಿದವರು ಕ್ಯಾಸಿನಿಯ ಗ್ರಂಥಗಳನ್ನು ಓದಿ ಕಲಿತವರಲ್ಲ.

ಬರಿಯ ಹೆಸರನ್ನು ನಂಬಿದರೆ ಮೋಸಹೋಗುವ ಭಯವೂ ಉಂಟು. ಭಾವಪ್ರಕಾಶದಲ್ಲಿ ಹಳದಿ ಹೂವಿನ ಮಹಾಬಲೆಗೂ ಸಹದೇವಿಯೆಂಬ ಪರ್ಯಾಯ ನಾಮವಿದೆ. ಮಹಾಬಲೆಯೆಂದು ಇಂದು ಗುರುತಿಸುವ ಗಿಡವಾದರೋ ಹತ್ತಿಯ ಕುಟುಂಬದ್ದು. ಐದು ದಳಗಳ ಒಂಟಿ ಹೂವಿನದು. ಹೆಸರು ಹೇಳಿ ಅಂಗಡಿಯಿಂದ ಪುಡಿಯನ್ನು ತಂದವನಿಗೆ ಯಾವುದು ಬಂದಿತೆಂದು ತಿಳಿಯುವ ಬಗೆಯೆಂತು?

ಗುರುತರಿಯದುದರ ಕೇಡಿಗೆ ಇದೇ ಕುಟುಂಬದ ಮತ್ತೊಂದು ಗಿಡವು ಸಾಕ್ಷಿಯಾಗಿದೆ. 1955ರಲ್ಲಿ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದ ಅಮೆರಿಕದ ಪಾರ್ಥೇನಿಯಮ್ ಬಳಿಕ ದೇಶವನ್ನೆಲ್ಲ ಹಬ್ಬಿತು. ನಮ್ಮವರು ಕಾಂಗ್ರೆಸ್ ಕಳೆಯೆಂದು ಕರೆಯುವುದು ಇದನ್ನೇ. ಎಳೆಯದಾಗಿದ್ದಾಗ ಅದರ ಸೀಳೆಲೆಯು ಮಾಚಿಪತ್ರೆಯನ್ನು ನೆನಪಿಗೆ ತರುವುದು. ಮುಟ್ಟಿದ ಅನೇಕರಿಗೆ ಚರ್ಮವೆಲ್ಲ ತುರಿಕೆಯಾಗುವುದು. ಬಿಳಿಯ ಪುಟ್ಟ ಗೊಂಡೆಯ ಅಂಚಿನಲ್ಲಿ ಸಾಮಾನ್ಯವಾಗಿ ಐದೇ ಕಿರುನಾಲಗೆಗಳಿರುವುದು ಅದರ ಗುರುತು.

ಸಹದೇವಿಯ ನಾಮಾಂತರಗಳು ಅಲ್ಲಿಗೇ ಮುಗಿಯಲಿಲ್ಲ. 1829ರಲ್ಲಿ ಲೆಸ್ಸಿಂಗನು ಅದನ್ನು ವೆರ್ನೋನಿಯಾ ಪಂಗಡಕ್ಕೆ ಸೇರಿಸಿದನು. ಅಮೆರಿಕದ ವೆರ್ನೋನಿಯಾಗಳಿಗೂ ನಮ್ಮ ಕಡೆಯವುಗಳಿಗೂ ವರ್ಣತಂತುಗಳ ಸಂಖ್ಯೆಯಲ್ಲಿಯೇ ಭೇದವಿರುವುದು ಮುಂದೆ ತಿಳಿದುಬಂದಿತು. 1990ರಲ್ಲಿ ರಾಬಿನ್ಸನ್ ಎಂಬವರು ಸಹದೇವಿಯನ್ನು ಸಯಾಂಥಿಲಿಯಮ್ ಪಂಗಡಕ್ಕೆ ಒಯ್ದರು. ಪಂಗಡ ಎರಡು ಸಲ ಬದಲಾದರೂ ಬೂದಿಬಣ್ಣದ್ದೆಂಬ ವಿಶೇಷಣವು ಮಾತ್ರ ಇಂದಿಗೂ ಉಳಿದಿದೆ. ಹೆಸರು ಬದಲಾದಾಗಲೆಲ್ಲ ಯಾರೋ ಒಬ್ಬರು ಗಿಡವನ್ನು ಹಿಂದಿನವರಿಗಿಂತ ಹತ್ತಿರದಿಂದ ನೋಡಿದ್ದರು. ನಮ್ಮ ಮನೆಗಳಲ್ಲಿ ಗಿಡವನ್ನು ಕೈಯಲ್ಲಿ ಹಿಡಿದು ಗುರುತು ಹೇಳುತ್ತಿದ್ದ ಅಜ್ಜಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವರು. ಇರುವವರ ಜೊತೆಗೆ ಮಕ್ಕಳನ್ನು ಒಂದು ದಿನ ಬಯಲಿಗೆ ಕಳುಹಿಸಿದರೆ, ಸಹದೇವಿಯ ಚರಿತ್ರೆ ನಮ್ಮ ಊರಿನಲ್ಲಿಯೂ ಮುಂದುವರಿಯುವುದು.