ಎಕ್ಸ್‌ಗಿಂತ ಮೊದಲು ಬಣ್ಣಗಳಿದ್ದವು

ದಿನಾ ನನ್ನ ಜೊತೆ ಲೋಕಲ್‌ನಲ್ಲಿ ಬರುವ ಮರಾಠಿ ಗೆಳೆಯನಿಗೂ ನನಗೂ ಒಂದು ಹಳೇ ಜಗಳ. ಭಾಸ್ಕರಾಚಾರ್ಯ ಯಾರವನು? ನಮ್ಮ ವಿಜಾಪುರದವನು ಅಂತ ನಾನು, ನಮ್ಮ ಖಾನದೇಶದವನು ಅಂತ ಅವನು. ಮೊನ್ನೆ ಅವನ ಮನೆಗೆ ಹೋದಾಗ ಏಳನೇ ಕ್ಲಾಸಿನ ಮಗಳು ಪುಸ್ತಕ ಹಿಡಿದು ಬಂದಳು. "ಕಾಕಾ, ಎಕ್ಸ್ ಅಂದ್ರೆ ಎಷ್ಟು? ನಿನ್ನೆ 5 ಇತ್ತು, ಇವತ್ತು 8 ಆಗಿದೆ!"

ನಾನೂ ಶಾಲೆಯಲ್ಲಿ ಇಲ್ಲೇ ಮುಗ್ಗರಿಸಿದ್ದೆ. ಕೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಅವಳಿಗೆ ಭಾಸ್ಕರನ ಲೆಕ್ಕವನ್ನೇ ಹೇಳಿದೆ. ಹನ್ನೆರಡನೇ ಶತಮಾನದ ಅವನ 'ಬೀಜಗಣಿತ'ದಲ್ಲಿರುವುದು. ಒಬ್ಬನ ಹತ್ತಿರ 300 ನಾಣ್ಯ, 6 ಕುದುರೆ. ಇನ್ನೊಬ್ಬನ ಹತ್ತಿರ ಅದೇ ಬೆಲೆಯ 10 ಕುದುರೆ, ಆದರೆ 100 ನಾಣ್ಯ ಸಾಲ. ಇಬ್ಬರ ಆಸ್ತಿಯೂ ಸಮ. ಕುದುರೆಯ ಬೆಲೆ ಎಷ್ಟು?

ಗೊತ್ತಿಲ್ಲದ ಬೆಲೆಗೆ ಭಾಸ್ಕರ ಇಟ್ಟ ಹೆಸರು 'ಯಾವತ್ ತಾವತ್', ಅಂದರೆ 'ಎಷ್ಟೋ ಅಷ್ಟು'. ಬರೆಯುವಾಗ ಬರೀ 'ಯಾ'. ಗೊತ್ತಿರುವ ಸಂಖ್ಯೆಗೆ 'ರೂ', ಅಂದರೆ ರೂಪ. ಒಂದು ಸಾಲಿನಲ್ಲಿ 'ಯಾ 6 ರೂ 300', ಅದರ ಕೆಳಗೆ 'ಯಾ 10 ರೂ 100'. ಸಾಲ ಅಂತ ತೋರಿಸಲು ಆ 100ರ ತಲೆಯ ಮೇಲೊಂದು ಚುಕ್ಕೆ. ಈಗ ಆರು ಕುದುರೆಗಳನ್ನು ಎರಡೂ ಕಡೆ ಕಳೆಯಿರಿ, ಸಾಲದ 100ನ್ನು ಎರಡೂ ಕಡೆ ಕೂಡಿಸಿ. ನಾಲ್ಕು ಕುದುರೆಗೆ 400. ಒಂದಕ್ಕೆ 100.

ಗೊತ್ತಿಲ್ಲದ್ದು ಒಂದಕ್ಕಿಂತ ಹೆಚ್ಚಿದ್ದರೆ? ಆಗ ಬಣ್ಣಗಳು! ಕಾಲಕ (ಕಪ್ಪು), ನೀಲಕ, ಪೀತಕ (ಹಳದಿ), ಲೋಹಿತಕ (ಕೆಂಪು). ಬರೆಯುವಾಗ ಕಾ, ನೀ, ಪೀ, ಲೋ. ಗೊತ್ತಿಲ್ಲದ ಸಂಖ್ಯೆಗಳನ್ನು 'ವರ್ಣ' ಎನ್ನುವ ರೂಢಿ ಕ್ರಿ.ಶ. 628ರ ಬ್ರಹ್ಮಗುಪ್ತನಲ್ಲೇ ಇದೆ. ಅವನ ನಂತರ ಸುಮಾರು ಇನ್ನೂರು ವರ್ಷಕ್ಕೆ ಬಾಗ್ದಾದಿನಲ್ಲಿ ಬರೆದ ಅಲ್ ಖ್ವಾರಿಜ್ಮಿ ಸಮೀಕರಣಗಳನ್ನು ಪೂರ್ತಿ ಮಾತಿನಲ್ಲೇ ಹೇಳುತ್ತಿದ್ದ.

ಇಷ್ಟು ಓದಿ "ಎಲ್ಲಾ ನಮ್ಮವರೇ ಕಂಡುಹಿಡಿದರು" ಅಂತ ಎದೆ ತಟ್ಟಿಕೊಳ್ಳಬೇಡಿ. ಗೊತ್ತಿಲ್ಲದ್ದಕ್ಕೆ ಅಕ್ಷರ ಇಟ್ಟ ನಮ್ಮವರು ಗೊತ್ತಿರುವುದಕ್ಕೆ ಇಡಲಿಲ್ಲ. ಹಾಗಾಗಿ ಸೂತ್ರಗಳೆಲ್ಲ ಶ್ಲೋಕದಲ್ಲೇ ಉಳಿದವು. ವರ್ಗಸಮೀಕರಣ ಬಿಡಿಸಲು ಭಾಸ್ಕರ ಹಿಂದಿನ ಶ್ರೀಧರನ ನಿಯಮವನ್ನು ಕೊಡುತ್ತಾನೆ: ವರ್ಗದ ಗುಣಕದ ನಾಲ್ಕು ಪಟ್ಟಿನಿಂದ ಎರಡೂ ಕಡೆ ಗುಣಿಸು, ಅವ್ಯಕ್ತದ ಮೂಲ ಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸು, ಆಮೇಲೆ ವರ್ಗಮೂಲ ತೆಗೆ. ಬಾಯಿಪಾಠಕ್ಕೆ ಸರಿ. ಆದರೆ ಈ ಮಾತನ್ನು ಕಾಗದದ ಮೇಲೆ ತಿರುಗಿಸಿ ಮುರುಗಿಸಿ ಹೊಸ ಸೂತ್ರ ಹುಟ್ಟಿಸುವುದು ಕಷ್ಟ. ಕೊಟ್ಟ ಸಂಖ್ಯೆಗೂ ಅಕ್ಷರ ಇಟ್ಟವನು ಫ್ರಾನ್ಸಿನ ವಕೀಲ ವಿಯೆಟ್, 1591ರಲ್ಲಿ: ಗೊತ್ತಿಲ್ಲದ್ದಕ್ಕೆ ಸ್ವರ, ಗೊತ್ತಿರುವುದಕ್ಕೆ ವ್ಯಂಜನ. 1637ರಲ್ಲಿ ಡೆಕಾರ್ಟ್ ಅದನ್ನು ಬದಲಿಸಿ ಕೊನೆಯ ಅಕ್ಷರಗಳನ್ನು ಗೊತ್ತಿಲ್ಲದ್ದಕ್ಕೆ ಬಿಟ್ಟ. ನಮ್ಮ ಎಕ್ಸ್ ಅಲ್ಲಿಂದ ಬಂತು. 1895ರಲ್ಲಿ ರಾಂಟ್‌ಜೆನ್ ತನಗೆ ತಿಳಿಯದ ಕಿರಣಕ್ಕೂ ಅದೇ ಅಕ್ಷರ ಇಟ್ಟ, ನಾವದನ್ನು ಕ್ಷ-ಕಿರಣ ಅಂದೆವು.

ಹುಡುಗಿಗೆ ಅರ್ಥವಾಯಿತು. "ಓ, ಎಕ್ಸ್ ಅಂದ್ರೆ ಎಷ್ಟೋ ಅಷ್ಟು!" ಲೆಕ್ಕ ಬದಲಾದರೆ 'ಅಷ್ಟು' ಬದಲಾಗುತ್ತದೆ. ನನ್ನ ಮೇಷ್ಟ್ರು ಈ ಒಂದು ಮಾತು ಹೇಳಿದ್ದರೆ...

ಇನ್ನು ನಮ್ಮ ಜಗಳ. ಭಾಸ್ಕರ ತನ್ನೂರು ಸಹ್ಯಾದ್ರಿಯ ಆಶ್ರಯದಲ್ಲಿದೆ ಎಂದು ತಾನೇ ಬರೆದಿದ್ದಾನೆ. ವಿಜಾಪುರದಲ್ಲಿ ಸಹ್ಯಾದ್ರಿ ಎಲ್ಲಿದೆ? ಅವನ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥ ಕಲಿಸಲು ಮಠ ಕಟ್ಟಿದ್ದು, 1207ರ ಶಾಸನದ ಪ್ರಕಾರ, ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ. ಸೋತೆ ಅಂತ ಗೆಳೆಯನಿಗೆ ಹೇಳಿಬಿಟ್ಟೆ. ಆದರೆ ಚಾಂಗದೇವನಿಗೆ ಆಶ್ರಯ ಕೊಟ್ಟ ಸೇವುಣರ ಶಾಸನಗಳಲ್ಲಿ ಬಹಳಷ್ಟು ಕನ್ನಡದವು ಅಂತ ಸೇರಿಸುವುದನ್ನೂ ಮರೆಯಲಿಲ್ಲ!