ಕಲ್ಯಾಣದ ಬೆನ್ನಿಗಿರುವ ಘಟ್ಟ

ಕಲ್ಯಾಣ ಎಂದೊಡನೆ ಕನ್ನಡಿಗರ ಮನಸ್ಸು ಬೀದರ ಜಿಲ್ಲೆಯ ಬಸವಕಲ್ಯಾಣದತ್ತ ಹರಿಯುವುದು ಸಹಜ. ಆದರೆ ನಾವು ದಿನವೂ ಲೋಕಲ್ ಗಾಡಿ ಹತ್ತಿ ಇಳಿಯುವ ಈ ಕಲ್ಯಾಣವೂ ಸಾಮಾನ್ಯದ ಊರಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಇದರ ಹೆಸರಿದೆ. ಕನ್ಹೇರಿ ಗುಹೆಗಳಿಗೆ ದಾನವಿತ್ತ ಕಲ್ಯಾಣದವರ ಹೆಸರುಗಳು ಅಲ್ಲಿಯ ಶಾಸನಗಳಲ್ಲಿವೆ. ಇಲ್ಲಿಯ ಖಾಡಿಯಲ್ಲಿ ಇಳಿದ ಸರಕು ಜುನ್ನರಕ್ಕೂ ಪೈಠಣಕ್ಕೂ ಮುಟ್ಟಬೇಕಾದರೆ ಸಹ್ಯಾದ್ರಿಯನ್ನು ಏರಲೇಬೇಕು. ಆ ಏರುದಾರಿಯೇ ನಾಣೇಘಾಟ.

ರಜೆ ಬಂತೆಂದರೆ ನಮ್ಮವರಿಗೆ ಮಾಥೇರಾನ್, ಇಲ್ಲವೆ ಲೋಣಾವಳ. ಹೋಗಲಿ, ಬೇಡವೆನ್ನುವುದಿಲ್ಲ. ಅಂಬರನಾಥದ ಶಿವಾಲಯವನ್ನಾದರೂ ಕೆಲವರು ನೋಡಿರುತ್ತಾರೆ. ಶಿಲಾಹಾರ ಮುಮ್ಮುಣಿಯ ಕಾಲದ, ಕ್ರಿ.ಶ. 1060ರ ಶಾಸನವುಳ್ಳ ಆ ಗುಡಿಯ ವಿಚಾರ ಬೇರೆಯೇ ಒಂದು ಲೇಖನವಾದೀತು. ನಾಣೇಘಾಟ ನೋಡಿದವರು ಮಾತ್ರ ವಿರಳ. ಕಲ್ಯಾಣದಿಂದ ಮುರಬಾಡದ ಮೇಲೆ ಮಾಳಶೇಜ ಘಾಟಿನ ಕಡೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಕುಳಿತು ವೈಶಾಖರೆಯ ಬಳಿ ಇಳಿದರೆ, ಅಲ್ಲಿಂದ ಎರಡು ಮೂರು ತಾಸಿನ ಕಾಡುದಾರಿ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಮಕ್ಕಳು ಮರಿ ಕಟ್ಟಿಕೊಂಡು ಹೋಗುವವರಿಗೆ ಮಾರ್ಗಶಿರ, ಪುಷ್ಯ ಮಾಸಗಳೇ ಒಳ್ಳೆಯವು.

ಘಟ್ಟದ ತುದಿ ಸಮೀಪಿಸಿದಾಗ ಬಂಡೆಯಲ್ಲಿ ಕೊರೆದ ಗುಹೆಯೊಂದು ಸಿಗುತ್ತದೆ. ಅದರ ಎಡಬಲದ ಗೋಡೆಗಳ ಮೇಲೆ ಶಾತವಾಹನರ ದೀರ್ಘ ಶಾಸನ. ಧರ್ಮ, ಇಂದ್ರ, ಸಂಕರ್ಷಣ, ವಾಸುದೇವರಿಗೆ ನಮಿಸಿ ಆರಂಭವಾಗುವ ಇದರಲ್ಲಿ ಅಶ್ವಮೇಧಾದಿ ಯಜ್ಞಗಳ ಹಾಗೂ ದಕ್ಷಿಣೆಯಾಗಿ ಕೊಟ್ಟ ಗೋವು, ಆನೆ, ಕುದುರೆ, ಕಾರ್ಷಾಪಣಗಳ ಲೆಕ್ಕವಿದೆ. ಲೆಕ್ಕವೆಂದರೆ ಅಂಕಿಗಳಲ್ಲೇ ಲೆಕ್ಕ. ಭಾರತದ ಅತಿ ಪ್ರಾಚೀನ ಅಂಕಿಗಳಲ್ಲಿ ಇವೂ ಸೇರಿವೆ. ಬರೆಸಿದವಳು ರಾಣಿ ನಾಯನಿಕೆ, ಶಾತಕರ್ಣಿಯ ಮಡದಿ ಎಂದು ವಿದ್ವಾಂಸರ ಅಭಿಪ್ರಾಯ. ಎರಡು ಸಾವಿರ ವರ್ಷಗಳ ಹಿಂದೆ ದಾರಿಹೋಕ ವರ್ತಕರೆಲ್ಲ ಉಸಿರು ತಿರುಗಿಸಿಕೊಳ್ಳುವ ತಾಣವನ್ನೇ ಹುಡುಕಿ ತನ್ನ ಮನೆತನದ ಕೀರ್ತಿಯನ್ನು ಕೊರೆಸಿದ ಆ ಹೆಂಗಸು ಜಾಣೆಯೇ ಸರಿ!

ಹಿಂಬದಿಯ ಗೋಡೆಯಲ್ಲಿ ರಾಜಪರಿವಾರದ ಉಬ್ಬುಶಿಲ್ಪಗಳು ಸಾಲಾಗಿದ್ದವು. ಮೇಲೆ ಹೆಸರುಗಳು: ಸಿಮುಕ ಶಾತವಾಹನ, ದೇವಿ ನಾಯನಿಕೆ, ಶಾತಕರ್ಣಿ, ಕುಮಾರ ಹಕುಸಿರಿ ಮುಂತಾಗಿ. ಇಂದು ಹೆಸರುಗಳುಂಟು, ಮೂರ್ತಿಗಳಿಲ್ಲ. ಕೆಲವು ಪಾದಗಳ ಗುರುತು ಮಾತ್ರ ಉಳಿದಿದೆ. 1828ರಲ್ಲಿ ಕರ್ನಲ್ ಸೈಕ್ಸ್ ಈ ಗುಹೆಯ ವಿಷಯವನ್ನು ವಿದ್ವಾಂಸರ ಗಮನಕ್ಕೆ ತಂದ. ಅನಂತರ ಭಗವಾನ್‌ಲಾಲ್ ಇಂದ್ರಜಿಯಂತಹ ಪಂಡಿತರು ಅಕ್ಷರಗಳನ್ನು ಬಿಡಿಸಿದರು. ಮುಖಗಳು ಮಾತ್ರ ಹೋದದ್ದು ಹೋದವು.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ತೀರದ ಸನ್ನತಿಯ ಪಕ್ಕದಲ್ಲಿ ಕನಗನಹಳ್ಳಿ ಎಂಬ ಊರಿದೆ. 1990ರ ದಶಕದಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದು ಹೊರಬಂದಿತು. ಅದರ ಫಲಕಗಳಲ್ಲಿ ಹೆಸರು ಸಹಿತ ಶಾತವಾಹನ ಅರಸರು ನಿಂತಿದ್ದಾರೆ. ಸಿಮುಕನಿದ್ದಾನೆ, ಶಾತಕರ್ಣಿಯಿದ್ದಾನೆ, ಶಾತಕರ್ಣಿ ಸ್ತೂಪಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆ. ಎರಡೂ ಕಡೆಯ ಶಾತಕರ್ಣಿ ಒಬ್ಬನೇ ಹೌದೊ ಅಲ್ಲವೊ ಎಂಬ ಚರ್ಚೆ ಪಂಡಿತರಿಗಿರಲಿ. ಘಟ್ಟದ ಗುಹೆಯಲ್ಲಿ ಹೆಸರಷ್ಟೇ ಉಳಿದ ಮನೆತನಕ್ಕೆ ನಮ್ಮ ಭೀಮೆಯ ದಂಡೆಯಲ್ಲಿ ಮುಖಗಳು ದೊರೆತಿವೆ.

ಶಾತವಾಹನರು ಕನ್ನಡಿಗರೆಂದು ಹೊಡೆದಾಡುವವರುಂಟು. ಮರಾಠರೆಂದು ಹೊಡೆದಾಡುವವರೂ ಉಂಟು. ನಮಗೆ ಎರಡೂ ರುಚಿಸುವುದಿಲ್ಲ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದಕ್ಕಿಂತ ನೀರಿನ ಹರಿವನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ನಾಣೇಘಾಟದ ಪಶ್ಚಿಮಕ್ಕೆ ಬಿದ್ದ ಮಳೆ ಉಲ್ಹಾಸ ನದಿಯನ್ನು ಸೇರಿ ನಮ್ಮ ಕಲ್ಯಾಣದ ಖಾಡಿಗೆ ಬರುತ್ತದೆ. ಪೂರ್ವಕ್ಕೆ ಬಿದ್ದದ್ದು ಕುಕಡಿ, ಘೋಡ ನದಿಗಳ ಮೂಲಕ ಭೀಮೆಗಿಳಿದು ಸನ್ನತಿಯ ಮುಂದೆಯೇ ಹಾಯುತ್ತದೆ.

ಹೋಗುವವರು ಒಂದು ಟಾರ್ಚು ಒಯ್ಯಿರಿ. ಬೆಳಕನ್ನು ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ. ಸುಣ್ಣ, ಸೀಮೆಸುಣ್ಣ ತಗಲಿಸುವುದು ಬೇಡ. ಪಕ್ಕದಲ್ಲಿ ತಮ್ಮ ಹೆಸರು ಗೀಚುವುದಂತೂ ಬೇಡವೇ ಬೇಡ. ಗುಹೆಯಿಂದ ಇನ್ನಷ್ಟು ಮೇಲೇರಿದರೆ ಬೃಹತ್ತಾದ ಕಲ್ಲಿನ ಹಂಡೆಯೊಂದಿದೆ. ಅದರಲ್ಲಿ ಸುಂಕದ ನಾಣ್ಯ ಹಾಕಿಸುತ್ತಿದ್ದರೆಂದು ಅಲ್ಲಿಯವರು ಹೇಳುತ್ತಾರೆ.